ಮೂರು ನೀರಿನ ಭೂತಯ್ಯ

ಬಣಕಲ್ ಸುತ್ತಿನ ಎಸ್ಟೇಟುಗಳ ಹಳಬರನ್ನು ಕೇಳಿ ನೋಡಿ, ಭೂತಯ್ಯನನ್ನು ಬರೀ ಭೂತಯ್ಯ ಎಂದು ಯಾರೂ ಹೇಳುವುದಿಲ್ಲ. ಮೂರು ನೀರಿನ ಭೂತಯ್ಯ ಎನ್ನುತ್ತಾರೆ. ಮೂವತ್ನಾಲ್ಕು ವರ್ಷ ಒಂದೇ ಎಸ್ಟೇಟಿನಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆಯುವ ಪಲ್ಪರ್ ಮನೆಯ ಮೇಸ್ತ್ರಿಯಾಗಿದ್ದವನು. ಸಿಪ್ಪೆ ಸುಲಿದ ಕಾಫಿ ಬೀಜ ತೊಟ್ಟಿಯಲ್ಲಿ ಹುದುಗಿ ಮೈಮೇಲಿನ ಲೋಳೆ ಕಳಚಿದೆಯೋ ಇಲ್ಲವೋ ಎಂದು ಹೇಳಲು ಅವನಿಗೆ ಗಡಿಯಾರ ಬೇಕಿರಲಿಲ್ಲ. ಒಂದು ಹಿಡಿ ಬೀಜ ತೆಗೆದು ಹಿಸುಕಿದರೆ ಗರಗರ ಎನ್ನಬೇಕು. ಗರಗರ ಎಂದಿತೋ, ತೊಳೆಯಲು ಶುರು. ಒಂದು ನೀರು, ಎರಡು ನೀರು, ಮೂರು ನೀರು. ಎರಡಕ್ಕೇ ಕೈ ತೊಳೆದುಕೊಂಡವರ ಮೇಲೆ ಅವನು ಹಾರಾಡುತ್ತಿದ್ದ ಸದ್ದು ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೂ ಕೇಳುತ್ತಿತ್ತಂತೆ.

ಅಂಥವನಿಗೆ ಈಗ ಒಂದು ಗಾಜಿನ ಭರಣಿ ನೀರು ಕುಡಿಸುತ್ತಿತ್ತು.

ಭರಣಿ ತಂದುಕೊಟ್ಟವಳು ಮಗಳು ರೂಪಶ್ರೀ. ಅತ್ತಿಗುಂಡಿಯ ಒಂದು ಹೋಮ್‌ಸ್ಟೇಯಲ್ಲಿ ರೂಮು ಗುಡಿಸಿ, ಒರೆಸಿ, ಹಾಸಿಗೆ ಬದಲಿಸುವ ಕೆಲಸ ಅವಳದು. ಗಂಡನ ಮನೆಯೂ ಅಲ್ಲೇ. ಹೋಮ್‌ಸ್ಟೇ ನಡೆಸುವ ಭುವನಾ ಮೇಡಂ ಬಂದವರಿಗೆಲ್ಲ ವಾಟರ್ ಕೆಫಿರ್ ಎಂಬ ಪಾನಕ ಕೊಡುತ್ತಾರೆ. ಸಕ್ಕರೆ ಕರಗಿಸಿದ ನೀರಿಗೆ ನೆನೆದ ಸಬ್ಬಕ್ಕಿಯಂಥ ಕಾಳು ಹಾಕಿ ಬಟ್ಟೆ ಕಟ್ಟಿಟ್ಟರೆ, ಎರಡು ದಿನಕ್ಕೆ ನೀರು ಹುಳಿ ತಿರುಗಿ ಸೋಡದ ಹಾಗೆ ಗುಳ್ಳೆ ಏಳುತ್ತದೆ. ನೀರು ಸೋಸಿ ಕುಡಿಯುವುದು, ಅದೇ ಕಾಳಿಗೆ ಮತ್ತೆ ಸಕ್ಕರೆ ನೀರು ಹಾಕುವುದು. ಕಾಳಿಗೆ ಜೀವ ಇದೆ, ನೋಡಿಕೊಂಡರೆ ಬೆಳೆಯುತ್ತದೆ.

ಹೋಮ್‌ಸ್ಟೇಯ ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸುವ ಗಲಾಟೆ ಶುರುವಾದಾಗ, ಹತ್ತು ದಿನ ಈ ಕಾಳನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ರೂಪಶ್ರೀ ಹಿಂದೆಮುಂದೆ ನೋಡದೆ, "ನಮ್ಮಪ್ಪನ ಹತ್ರ ಕೊಡಿ ಮೇಡಂ, ಹುದುಗು ಬರ್ಸೋದ್ರಲ್ಲಿ ಅವ್ರನ್ನ ಮೀರ್ಸೋರಿಲ್ಲ" ಅಂದುಬಿಟ್ಟಳು. ಮೇಡಂ ಒಪ್ಪಿದರು. ಕಾಳು ಚೆನ್ನಾಗಿ ವಾಪಸು ಬಂದರೆ ಪಾನಕದ ಕೆಲಸ ನಿನಗೇ, ರೂಮು ಬಿಟ್ಟು ಅಡುಗೆಮನೆಗೆ ಬಾ ಎಂದರು. ಏಳು ವರ್ಷ ಬಕೆಟ್ ಹೊತ್ತು ಮಹಡಿ ಹತ್ತಿ ಇಳಿದು ಸೊಂಟ ಹಿಡಿದುಹೋಗಿದ್ದವಳಿಗೆ ಇದು ಸಣ್ಣ ಮಾತಲ್ಲ.

ಬಣಕಲ್‌ಗೆ ಬಂದು ಭರಣಿ ಇಳಿಸಿ, ಹೇಗೆ ಮಾಡಬೇಕೆಂದು ಹೇಳಲು ಬಾಯಿ ತೆರೆದಳು.

"ಸೋಸಿ ಹೊಸ ನೀರು ಹಾಕೋದು, ಅಷ್ಟೇ ಅಲ್ವಾ?" ಎಂದ ಭೂತಯ್ಯ. "ಇದನ್ನೂ ನಂಗೆ ನೀನು ಕಲಿಸ್ಬೇಕಾ?"

ರೂಪಶ್ರೀ ನಕ್ಕು ಬಸ್ಸು ಹತ್ತಿದಳು. ಅಲ್ಲೇ ಎಡವಟ್ಟಾಗಿದ್ದು.

ಎರಡನೆಯ ದಿನ ಕಾಳನ್ನು ಜರಡಿಗೆ ಸುರಿದು ಮುಟ್ಟಿದ. ಜಾರುತ್ತಿತ್ತು. ಲೋಳೆ! ಆಮೇಲಿನ ಕೆಲಸ ಅವನ ತಲೆ ಹೇಳಿದ್ದಲ್ಲ, ಕೈ ತಾನೇ ಮಾಡಿತು. ಅಂಗೈಯಲ್ಲಿ ಉಜ್ಜಿದ, ತೊಳೆದ, ಮತ್ತೆ ಉಜ್ಜಿದ. ಮೂರು ನೀರು ಮುಗಿದರೂ ಗರಗರ ಎನ್ನಲೊಲ್ಲದು. ನಾಲ್ಕನೆಯ ನೀರಿಗೂ ಜಾರಿಕೆ ಹೋಗಲಿಲ್ಲ. ಇದೆಂಥ ದರಿದ್ರದ ಕಾಳು ಎಂದು ಬೈದುಕೊಂಡೇ ಸಕ್ಕರೆ ನೀರಿಗೆ ಹಾಕಿದ.

ಮಾರನೆಯ ದಿನ ಒಂದು ಗುಳ್ಳೆಯೂ ಇಲ್ಲ. ನೆಕ್ಕಿ ನೋಡಿದರೆ ಬರೀ ಸಿಹಿ. ನೀರು ಬದಲಿಸಿದ, ಬದಲಿಸುವ ಮುಂಚೆ ತೊಳೆದ. ಅದರ ಮಾರನೆಯ ದಿನವೂ ಅದೇ ಕಥೆ, ಅದೇ ತೊಳೆತ. ಅಂಗಡಿಯ ಸಕ್ಕರೆ ಸರಿಯಿಲ್ಲ ಎಂದ. ಚಳಿ ಹೆಚ್ಚಾಯಿತು ಎಂದು ಭರಣಿಗೆ ಹಳೇ ಸ್ವೆಟರ್ ಸುತ್ತಿದ. ಹೆಂಡತಿ ರಂಗಮ್ಮ ಒಗ್ಗರಣೆ ಹಾಕಿದ ಘಾಟಿಗೆ ಕಾಳು ಹೆದರಿರಬೇಕು ಎಂದೂ ಹೇಳಿದ.

"ನಿಮ್ ಬಾಯಿಗೇ ಹೆದರ್ಲಿಲ್ವಂತೆ, ನನ್ ಒಗ್ಗರಣೆಗೆ ಹೆದರುತ್ತಾ? ಮಗಳಿಗೊಂದು ಫೋನ್ ಮಾಡಿ ಕೇಳಿ ಮಾರಾಯ್ರೆ."

"ಸುಮ್ನಿರೆ. ನಾನು ಕೇಳೋದಾ?"

ಕೇಳಲಿಲ್ಲ. ಆರನೆಯ ದಿನಕ್ಕೆ, ಒಂದು ಲೋಟದಷ್ಟಿದ್ದ ಕಾಳು ಉಜ್ಜಿ ಉಜ್ಜಿ ಪುಡಿಯಾಗಿ ಜರಡಿಯ ಕಣ್ಣಲ್ಲಿ ಸೋರಿ, ಮೂರು ಚಮಚಕ್ಕೆ ಇಳಿದಿತ್ತು. ಭೂತಯ್ಯನಿಗೆ ಭರಣಿಯನ್ನು ಎತ್ತಿ ಅಂಗಳಕ್ಕೆ ಎಸೆಯುವಷ್ಟು ರೋಷ ಬಂತು. ರೋಷದ ಅಡಿಯಲ್ಲಿ ಹೆದರಿಕೆಯಿತ್ತು. ಮಗಳು ಮತ್ತೆ ಬಕೆಟ್ ಎತ್ತುವುದು ಅವನ ಕಣ್ಣಿಗೆ ಕಟ್ಟಿತು.

ರಂಗಮ್ಮ ತಾನೇ ನಂಬರು ಒತ್ತಿ ಫೋನನ್ನು ಗಂಡನ ಕಿವಿಗೆ ಹಿಡಿದಳು.

"ಎಷ್ಟು ಸಲ ಸೋಸಿದ್ಯಪ್ಪಾ?" ಕೇಳಿದಳು ರೂಪಶ್ರೀ.

"ದಿನಾ. ಮೂರ್ಮೂರು ನೀರಲ್ಲಿ ತೊಳ್ದು, ಉಜ್ಜಿ, ಚೊಕ್ಕಟವಾಗೇ ಹಾಕಿದೀನಿ."

"ಅಯ್ಯೋ ಅಪ್ಪ, ತೊಳೆಯೋದು ಬೇಡ. ಆ ಲೋಳೇಲೇ ಅದ್ರ ಜೀವ ಇರೋದು. ನೀನು ಏನೂ ಮಾಡ್ಬೇಡ, ಸುಮ್ನೆ ಬಿಟ್ಬಿಡು."

ತೊಳೆಯೋದು ಬೇಡ. ಈ ಮಾತನ್ನು ಭೂತಯ್ಯ ಮೊದಲ ಸಲ ಕೇಳುತ್ತಿರಲಿಲ್ಲ. ಮೂರು ವರ್ಷದ ಹಿಂದೆ, ಎಸ್ಟೇಟಿನ ಸಣ್ಣ ಯಜಮಾನರು ದಿಲೀಪ್ ಪಲ್ಪರ್ ಮನೆಗೆ ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂತು ಅದನ್ನೇ ಹೇಳಿದ್ದರು. "ಇನ್ಮೇಲೆ ತೊಳೆಯೋದು ಬೇಡ ಭೂತಯ್ಯ. ಲೋಳೆ ಸಮೇತ ಒಣಗಿಸಿದ್ರೇ ಕಾಫಿಗೆ ಒಳ್ಳೆ ರುಚಿ ಅಂತೆ. ನೀವು ಆರಾಮಾಗಿ ಮನೇಲಿರಿ." ಒಳ್ಳೆಯ ಹುಡುಗ, ನೀವು ಎಂದೇ ಮಾತಾಡಿಸುತ್ತಾನೆ. ಜಗಳ ಕಾಯಲಾದರೂ ಒಂದು ದಾರಿ ಬೇಡವೇ? ಆವತ್ತೂ ಭೂತಯ್ಯ ಕೈ ಒರೆಸಿಕೊಂಡು ಎದ್ದು ಬಂದಿದ್ದ. ಈಗಲೂ ಫೋನು ರಂಗಮ್ಮನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ಕೂತ.

ಏನೂ ಮಾಡದೆ ಕೂರುವುದು ಎಂಥ ಕಷ್ಟದ ಕೆಲಸ ಎಂದು ಮೇಸ್ತ್ರಿಗಿರಿ ಮಾಡಿದವರಿಗೇ ಗೊತ್ತು. ಎರಡು ದಿನ ಅವನು ಭರಣಿಯ ಸುತ್ತ ಸುಳಿದ. ಕೈ ಚಾಚುವುದು, ರಂಗಮ್ಮ ಕೆಮ್ಮುವುದು, ಕೈ ಹಿಂದಕ್ಕೆ ಎಳೆದುಕೊಳ್ಳುವುದು. ಎಂಟನೆಯ ದಿನ ಬೆಳಿಗ್ಗೆ ಭರಣಿಯ ಅಂಚಿಗೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಕೂತಿದ್ದವು. ಹತ್ತನೆಯ ದಿನ ಕಾಳು ನೀರಲ್ಲಿ ಮೇಲೆ ಕೆಳಗೆ ಆಡುತ್ತಿತ್ತು.

ರಂಗಮ್ಮ ಕುಡಿದು ನೋಡಿ ಚೆನ್ನಾಗಿದೆ ಎಂದಳು. ಭೂತಯ್ಯನ ಮುಖ ಮಾತ್ರ ಇನ್ನೂ ಗಂಟಿಕ್ಕಿಕೊಂಡೇ ಇತ್ತು. "ನಾನು ಕೈ ಹಾಕ್ದಿದ್ರೇ ಚೆನ್ನಾಗಿ ಬರುತ್ತೆ ಅಂದ್ಮೇಲೆ, ಈ ಕೈ ಯಾಕೆ ಬೇಕಿತ್ತು?" ಎಂದ.

ಮಧ್ಯಾಹ್ನ ರೂಪಶ್ರೀ ಬಂದಳು. ಭರಣಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ನಾಲ್ಕು ಚಮಚವೂ ಇರಲಿಲ್ಲ.

"ಜೀವ ಇದೆಯಲ್ಲ, ಬೆಳೆಯುತ್ತೆ ಬಿಡಪ್ಪ. ಮೇಡಂ ಕೇಳಿದ್ರೆ ಬಸ್ಸಲ್ಲಿ ನನ್ ಕೈ ಜಾರಿ ಚೆಲ್ಲೋಯ್ತು ಅಂತೀನಿ."

ಆವರೆಗೂ ತಲೆ ತಗ್ಗಿಸಿದ್ದ ಭೂತಯ್ಯ ಎದ್ದು ನಿಂತ.

"ನೀನು ಚೆಲ್ದೆ ಅಂದ್ರೆ ನಿನ್ನನ್ನ ಅಡ್ಗೆಮನೆಗೆ ಬಿಟ್ಕೊಳ್ತಾರಾ ಅವ್ರು? ಹಾಳು ಮಾಡಿದ್ದು ನಮ್ಮಪ್ಪ ಅನ್ನು. ಹುದುಗಿನ ವಿಷಯ ಅವ್ರಿಗೇನೂ ಗೊತ್ತಿರ್ಲಿಲ್ಲ, ಉಳಿಸಿದ್ದು ನಾನು, ಫೋನಲ್ಲೇ ಹೇಳ್ಕೊಟ್ಟೆ ಅನ್ನು."

"ಅಪ್ಪಾ..."

"ಇದ್ದದ್ದೇ ಅಲ್ವಾ? ಹಂಗೇ ಅನ್ನು."

ಸ್ವೆಟರ್ ಸುತ್ತಿದ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ರೂಪಶ್ರೀ ಬಸ್ಸಿನಲ್ಲಿ ಕೂತಳು. ಬಸ್ಸು ತಿರುವು ದಾಟುವವರೆಗೆ ಭೂತಯ್ಯ ನಿಂತು ನೋಡಿದ. ಮನೆಗೆ ಬಂದರೆ ಕಟ್ಟೆಯ ಮೇಲೆ ಜರಡಿ ಇತ್ತು. ರಂಗಮ್ಮ ಆಗಲೇ ತೊಳೆದಿಟ್ಟಿದ್ದಳು. ಅದನ್ನು ತೆಗೆದುಕೊಂಡು ಹಿತ್ತಲಿಗೆ ಹೋಗಿ, ಒಂದು, ಎರಡು, ಮೂರು ನೀರು ಹಾಕಿ ತೊಳೆದ.