ಮಹತ್ತಮ ಸಾಮಾನ್ಯ ಅಪವರ್ತನ ಕಲಿಸಿದವಳು

ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದಲ್ಲಿ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವರನ್ನಷ್ಟೇ ಪರ್ಮನೆಂಟ್ ಮಾಡುತ್ತೇವೆ, ಈ ಸಲದ ಫಲಿತಾಂಶ ಬಂದ ಮೇಲೆ ಉಳಿದವರನ್ನು ಬಿಟ್ಟುಬಿಡುತ್ತೇವೆ ಎಂದು ಒಂದು ದಿನ ನೋಟಿಸು ಹಚ್ಚಿದರು. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ ನಾನು ಯಂತ್ರದ ಮುಂದೆಯೇ ಅಳುತ್ತ ಕೂತೆ.

ಪಕ್ಕದ ಯಂತ್ರದ ಅಕ್ಕ ಹೂಡಿಯ ಕಡೆಯವಳು, ನನಗಿಂತ ಐದಾರು ವರ್ಷ ದೊಡ್ಡವಳು. "ಅಳ್ಬೇಡ ಕಣೇ, ಊಟದ ಹೊತ್ತಲ್ಲಿ ಹೇಳ್ಕೊಡ್ತೀನಿ" ಎಂದಳು. ಪರೀಕ್ಷೆಯ ಅರ್ಜಿಯನ್ನೂ ಅವಳೇ ತುಂಬಿಕೊಟ್ಟಳು.

ಮಹತ್ತಮ ಸಾಮಾನ್ಯ ಅಪವರ್ತನದಿಂದಲೇ ಶುರು. ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ 6ab + 3a ಎಂದು ಬರೆದಳು. ಎರಡರಲ್ಲೂ ಇರುವ ಅತಿ ದೊಡ್ಡದು 3a. ಅದನ್ನು ಹೊರಗೆ ತೆಗೆದು, ಆವರಣದೊಳಗೆ 2b ಮಾತ್ರ ಬರೆದು ಕೈಕಟ್ಟಿ ಕೂತೆ.

"ಎರಡ್ನೇದು ಎಲ್ಲೋಯ್ತೇ?"

"ಪೂರ್ತಿ ಹೊರಗೆ ಬಂತಲ್ಲಕ್ಕ. ಒಳಗೆ ಇನ್ನೇನಿರತ್ತೆ, ಮಣ್ಣು?"

ಟ್ರೇಯಲ್ಲಿದ್ದ ಸುರುಳಿಗಳೆಲ್ಲ ಹೊರಟುಹೋದರೆ ನಾವು ಚೀಟಿಯಲ್ಲಿ ಸೊನ್ನೆ ಬರೆಯುತ್ತಿದ್ದೆವು. ನನ್ನ ಕೈಗೆ ಅದೇ ರೂಢಿ.

"ಇದು ಕಳೆಯೋದಲ್ಲ ಕಣೇ, ಭಾಗಿಸೋದು. 3aನ 3aಯಿಂದ ಭಾಗಿಸಿದ್ರೆ ಒಂದು, ಅದು ಒಳಗೇ ಇರ್ಬೇಕು. ನಿನ್ನ ಉತ್ತರಾನ ವಾಪಸ್ ಗುಣಿಸಿ ನೋಡು."

ಗುಣಿಸಿದೆ. 6ab ಅಷ್ಟೇ ಬಂತು. ಸಿಟ್ಟು ನೆತ್ತಿಗೇರಿ ರಟ್ಟನ್ನು ಒದ್ದೆ. ನನ್ನ ಬುದ್ಧಿಯೇ ಹಾಗೆ, ತಪ್ಪು ನನ್ನದಾದಾಗಲೇ ಹಾರಾಟ ಜಾಸ್ತಿ. ಅವಳು ರಟ್ಟನ್ನು ಎತ್ತಿ ತಂದು ಇನ್ನೊಂದು ಲೆಕ್ಕ ಬರೆದಳು. ಎರಡು ತಿಂಗಳು ಹೀಗೇ ನಡೆಯಿತು.

ನಾನು ಪಾಸಾದೆ. ಅವಳಿಗೆ ಹೇಳಬೇಕೆಂದು ಓಡೋಡಿ ಬಂದರೆ, ಕೆಲಸ ಬಿಡಿಸುವವರ ಪಟ್ಟಿ ಗೇಟಿನಲ್ಲೇ ಅಂಟಿಸಿದ್ದರು. ಅದರಲ್ಲಿ ಅವಳ ಹೆಸರಿತ್ತು. ಅವಳು ಆಗಲೇ ಚೀಲ ಹಿಡಿದು ಹೊರಗೆ ಬರುತ್ತಿದ್ದಳು.

"ಅಯ್ಯೋ, ಇದೇನಕ್ಕ? ನೀನು ಪಾಸಾಗಿಲ್ವಾ?"

"ಸ್ಕೂಲಲ್ಲಿ ಓದೋವಾಗ ಪರೀಕ್ಷೆಗೆ ಮುಂಚೇನೇ ಮದುವೆ ಮಾಡಿದ್ರು. ನನ್ನ ಸ್ಕೂಲಿನ ಟಿ.ಸಿ. ಗಂಡನ ಮನೆ ಪೆಟ್ಟಿಗೇಲಿದೆ. ಅದಿಲ್ದೆ ಪರೀಕ್ಷೆ ಅರ್ಜಿ ತಗೊಳ್ಳಲ್ಲ. ಬಿಟ್ಟು ಬಂದ ಮನೆ ಬಾಗಿಲಿಗೆ ಒಬ್ಬಳೇ ಹೋಗೋಕೆ ಧೈರ್ಯ ಆಗ್ಲಿಲ್ಲ."

"ನನ್ನ ಕರೆದಿದ್ರೆ ಜೊತೇಲಿ ಬರ್ತಿರಲಿಲ್ವಾ?" ಎಂದು ಅವಳ ಮೇಲೇ ರೇಗಿದೆ.

"ನನ್ನ ಪರೀಕ್ಷೆ ವಿಷ್ಯ ನೀನು ಒಂದಿನಾನೂ ಕೇಳ್ಲಿಲ್ವಲ್ಲೇ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ನಿಜ, ಕೇಳಿರಲಿಲ್ಲ. ನನಗೆ ಪರ್ಮನೆಂಟ್ ಆಯಿತು.