ಎತ್ತಿನ ಕಿವಿ ನೋಡಿ ನಿಂತದ್ದು

ಯಾರಾದರೂ ನನಗೆ 'ಇಳಿ' ಅಂದರೆ ಸಿಟ್ಟು ನೆತ್ತಿಗೇರುತ್ತದೆ. ಗಂಗಾವತಿಯಿಂದ ಕೊಪ್ಪಳಕ್ಕೆ ಬರುವ ಬಸ್ಸಿನಲ್ಲಿ, ನನ್ನ ಸ್ಟಾಪು ಇನ್ನೂ ಕಣ್ಣಿಗೆ ಬೀಳುವ ಮೊದಲೇ ಕಂಡಕ್ಟರ್ "ಇಳೀರಿ, ಇಳೀರಿ, ಲಗೂನ ಇಳೀರಿ" ಎಂದು ತಗಡು ಬಡಿಯತೊಡಗಿದರೆ, ನಾನು ಬೇಕಂತಲೇ ಸೀಟಿನ ಕೆಳಗೆ ಚೀಲ ಹುಡುಕುತ್ತೇನೆ, ಸೆರಗು ಸರಿಮಾಡಿಕೊಳ್ಳುತ್ತೇನೆ, ಚಪ್ಪಲಿಯ ಪಟ್ಟಿ ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತೇನೆ. "ಅಕ್ಕಾರ, ಬಸ್ಸು ನಿಮ್ಮ ಮನೀದೇನ್ರಿ?" ಎಂದು ಒಬ್ಬ ಕಂಡಕ್ಟರ್ ಕೇಳಿಯೇ ಬಿಟ್ಟ. ಪಾಪ, ಅವನದೇನೂ ತಪ್ಪಿಲ್ಲ. ಆ ಸಿಟ್ಟು ಅವನು ಹುಟ್ಟುವ ಮೊದಲಿನದು.

ನನ್ನ ತವರು ಗಂಗಾವತಿಯ ಮಗ್ಗುಲಿನ ಹಳ್ಳಿ. ಕಾಲುವೆ ಬಂದ ಮೇಲೆ ನಮ್ಮ ಜೋಳದ ಹೊಲವೆಲ್ಲ ನೆಲ್ಲಿನ ಗದ್ದೆಯಾಯಿತು. ನಾಟಿಗೆ ಮೊದಲು ನೀರು ಕಟ್ಟಿದ ಮಡಿಯನ್ನು ಸಮ ಮಾಡಲು ಎತ್ತು ಹೂಡಿ ಕೊರಡು ಹೊಡೆಯುತ್ತಾರೆ. ಕೊರಡೆಂದರೆ ಒಂದು ಮಗ್ಗುಲು ಚಪ್ಪಟೆ ಮಾಡಿದ ಉದ್ದನೆಯ ತೊಲೆ, ಅಷ್ಟೇ. ಅದಕ್ಕೆ ಭಾರ ಬೇಕಲ್ಲ, ಆ ಭಾರ ನಾನು! ಅಪ್ಪ ಪಕ್ಕದಲ್ಲಿ ನಡೆಯುತ್ತಾ ಎತ್ತು ಹೊಡೆಯುತ್ತಿದ್ದ, ನಾನು ಕೊರಡಿನ ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದೆ. ಕಾಲ ಕೆಳಗೆ ರಾಡಿ ನೀರು ಬುಳುಬುಳು ಅನ್ನುತ್ತಿತ್ತು, ಹಿಂದೆ ಗದ್ದೆಯೆಲ್ಲ ಕನ್ನಡಿಯಾಗುತ್ತಿತ್ತು, ಬೆಳ್ಳಕ್ಕಿಗಳು ನನಗಾಗಿಯೇ ಬಂದವರಂತೆ ಬೆನ್ನಿಗೆ ಬರುತ್ತಿದ್ದವು. ಬೀಳದಿರಲು ಅಪ್ಪ ಒಂದೇ ಮಾತು ಹೇಳಿಕೊಟ್ಟಿದ್ದ: "ಕಾಲು ನೋಡಬ್ಯಾಡ ಪಾರವ್ವಾ, ಎತ್ತಿನ ಕಿವಿ ನೋಡು." ಕಿವಿ ನೋಡಿಕೊಂಡು ನಿಂತವಳು ನಾನು ಒಂದು ಹಂಗಾಮಿನಲ್ಲೂ ಬೀಳಲಿಲ್ಲ.

ನಾನು ದೊಡ್ಡವಳಾದ ವರ್ಷ, ಮಡಿಯ ನಡುವೆಯೇ ಅಪ್ಪ ಎತ್ತು ನಿಲ್ಲಿಸಿದ. ಬದುವಿನ ಮೇಲೆ ಯಾರೋ ನಾಲ್ಕು ಮಂದಿ ಹಿರಿಯರು ಹೋಗುತ್ತಿದ್ದರು. "ಸಾಕವ್ವಾ, ಇಳಿ. ಇನ್ನ ನೀ ಇದರ ಮ್ಯಾಲೆ ನಿಂದರೂದು ಬ್ಯಾಡ" ಅಂದ. ಇಳಿದೆ. ಮೊಣಕಾಲು ಮಟ್ಟದ ರಾಡಿಯಲ್ಲಿ ಬದುವಿನವರೆಗೆ ಅಳುತ್ತಾ ನಡೆದೆ. ನನ್ನ ಜಾಗಕ್ಕೆ ತಮ್ಮ ಬಸವರಾಜ ಹತ್ತಿದ. ಹತ್ತಿದವನು ಮೊದಲ ತಿರುವಿನಲ್ಲೇ ಮುಖ ಅಡಿಯಾಗಿ ಬಿದ್ದ ಎಂಬುದು ಆ ದಿನದ ಒಂದೇ ಸಮಾಧಾನ. ಈಗ ಅವನು ಯಲಬುರ್ಗಿಯ ಕಚೇರಿಯೊಂದರಲ್ಲಿ ಗುಮಾಸ್ತ. ಕುರ್ಚಿಯಿಂದ ಬಿದ್ದ ಸುದ್ದಿ ಇದುವರೆಗೆ ಬಂದಿಲ್ಲ.

ನಮ್ಮ ಯಜಮಾನರು ಕುಷ್ಟಗಿಯವರು. ಕೊಡ ನೀರಿಗೆ ಬಾವಿಯ ಹತ್ತಿರ ಪಾಳಿ ಹಚ್ಚಿ ಬೆಳೆದ ಮನುಷ್ಯ ಹೋಗಿ ಹೋಗಿ ಸಮುದ್ರದ ಮೇಲೆ ಹಡಗಿನ ಎಂಜಿನಿಯರ್ ಆದರು. ಬಾಯಾರಿಕೆ ಅಷ್ಟಿತ್ತು ಅಂತ ಕಾಣುತ್ತದೆ. ಮಾತುಕತೆಗೆ ಬಂದಾಗ ಹಡಗು ಮಂಗಳೂರಿಗೂ ಬರುತ್ತದೆ ಎಂದು ಯಾರೋ ಹೇಳಿದರು. ಅವ್ವನಿಗೆ ಗೊತ್ತಿದ್ದದ್ದು ಯಲಬುರ್ಗಿ ಸೀಮೆಯ ನಮ್ಮ ಮಂಗಳೂರೊಂದೇ. "ಅಲ್ಲಿ ಎಮ್ಮಿ ಮೈ ತೊಳ್ಯಾಕ ನೀರಿಲ್ಲ, ಹಡಗ ಎಲ್ಲಿ ನಿಂದರತೈತಿ? ಹುಡುಗ ಸುಳ್ಳ ಹೇಳತಾನ" ಎಂದು ಆ ಸಂಬಂಧ ಮುರಿಯುವುದರಲ್ಲಿದ್ದಳು. ಹೇಗೋ ಮದುವೆಯಾಯಿತು. ಎಂಬತ್ತರ ಆಚೀಚೆ, ಮಕ್ಕಳಾಗುವ ಮೊದಲು, ನಾನೂ ಅವರ ಜೊತೆ ಒಂದು ಸಲ ಹಡಗು ಹತ್ತಿದೆ.

ಹಡಗಿನ ಮೇಲೆ ಮೊದಮೊದಲು ಸಮುದ್ರ ಚೆಂದ, ಆಮೇಲೆ ಸಮುದ್ರ ಬರೀ ಸಮುದ್ರ. ಎಂದು ನೆಲ ಕಂಡೇನೋ ಎಂದು ಜೀವ ಬಿಡುತ್ತಿದ್ದಾಗ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಎಂಬ ಬಂದರಿಗೆ ಕಲ್ಲಿದ್ದಲು ತುಂಬಿಸಲು ಬಂದೆವು. ನಮ್ಮಲ್ಲಿ ಮಾಘದ ಚಳಿ, ಅಲ್ಲಿ ಉರಿಬೇಸಿಗೆ. ಬೆಳಿಗ್ಗೆ ಇಳಿದು ಸಂಜೆಯೊಳಗೆ ಹಿಂದಿರುಗಬೇಕು, ಹಡಗು ಯಾರಿಗೂ ಕಾಯುವುದಿಲ್ಲ. ಆ ಒಂದು ತುಂಡು ದಿನಕ್ಕೆ ಯಜಮಾನರು ಇಟ್ಟುಕೊಂಡಿದ್ದ ಆಸೆ ಒಂದೇ. ಪೇಟೆಗೆ ಹೋಗಿ ಒಂದು ಟೇಪ್ ರೆಕಾರ್ಡರ್ ಕೊಳ್ಳುವುದು. "ಪ್ಯಾಟಿಗೆ ಹೋಗೂದಕ್ಕಿಂತ ಮೊದಲ ಸ್ವಲ್ಪ ದಂಡಿ ನೋಡ್ಕೊಂಡು ಹೋಗೋಣು" ಎಂದು ಅವರೇ ನನ್ನನ್ನು ಕಡಲ ದಂಡೆಗೆ ಕರೆದುಕೊಂಡು ಹೋದರು. ಮುಂದೆ ಆದದ್ದಕ್ಕೆಲ್ಲ ಅವರೇ ಹೊಣೆ.

ದಂಡೆಯ ಮೇಲೆ ಜಾತ್ರೆಗೆ ಮೀರಿದ ಜನ. ಬಟ್ಟೆಯ ವಿಷಯ ಕೇಳಬೇಡಿ. ನಾನು ಮೊದಲು ಮುಖ ತಿರುಗಿಸಿದೆ, ಆಮೇಲೆ ತಿರುಗಿಸಲು ಬೇರೆ ದಿಕ್ಕು ಸಿಗದೆ ನೀರಿನ ಕಡೆ ನೋಡಿದೆ. ನೋಡಿದರೆ ಅಲೆಗಳ ಮೇಲೆ ಹಲಗೆ, ಹಲಗೆಗಳ ಮೇಲೆ ಮನುಷ್ಯರು, ನಿಂತುಕೊಂಡೇ ಬರುತ್ತಿದ್ದಾರೆ!

"ರೀ, ಇದು ಕೊರಡು" ಅಂದೆ.

"ಇದಕ್ಕ ಸರ್ಫಿಂಗ್ ಅಂತಾರ" ಅಂದರು.

"ಏನರ ಅನ್ಲಿ, ನಾ ನಿಂದರತೀನಿ."

"ಹುಚ್ಚ ಹಿಡದೈತೇನ್ ನಿನಗ? ಸೀರಿ ಉಟಗೊಂಡು? ಈಜಾಕ ಬರೂದಿಲ್ಲ ನಿನಗ!"

"ಕೊರಡಿನ ಮ್ಯಾಲೆ ನಿಂದ್ರಾಕ ಯಾರ ಈಜ್ತಾರ?"

ಅವರು ನಿಂತಲ್ಲೇ ಈ ತರ್ಕವನ್ನು ತೂಗಿ ನೋಡತೊಡಗಿದರು. ಎಂಜಿನಿಯರುಗಳನ್ನು ಮದುವೆಯಾಗುವುದರ ಸುಖವೇ ಇದು.

ಹಡಗಿನಲ್ಲಿ ಯಾರೋ ಬಿಟ್ಟುಹೋಗಿದ್ದ ಹಳೆಯ ಪತ್ರಿಕೆಯೊಂದರಲ್ಲಿ ಆಮೇಲೆ ಓದಿಕೊಂಡೆ: ಈ ಆಟ ಹುಟ್ಟಿದ್ದು ಪೆಸಿಫಿಕ್ ದ್ವೀಪಗಳಲ್ಲಂತೆ. ಅಲ್ಲಿ ರಾಜರೂ ಅಲೆಯೇರುತ್ತಿದ್ದರು, ರಾಣಿಯರೂ ಏರುತ್ತಿದ್ದರು. ಯಾವ ರಾಣಿಗೂ ಅವಳ ಅಪ್ಪ ನಡುವೆ ಬಂದು 'ಸಾಕವ್ವಾ' ಅಂದಂತೆ ಬರೆದಿರಲಿಲ್ಲ. ಮನುಷ್ಯ ಎರಡು ಕಾಲ ಮೇಲೆ ಎದ್ದು ನಿಂತು ಲಕ್ಷಾಂತರ ವರ್ಷ ಆಯಿತು ಅನ್ನುತ್ತಾರೆ. ನೆಲದ ಮೇಲೆ ನಿಂತದ್ದರಲ್ಲಿ ಅವನಿಗೆ ತೃಪ್ತಿಯಿಲ್ಲ. ಅಲುಗಾಡುವ ಏನಾದರೂ ಸಿಕ್ಕರೆ ಅದರ ಮೇಲೆ ನಿಲ್ಲಬೇಕು. ಚಕ್ಕಡಿಯ ಮೂಕಿಯ ಮೇಲೆ, ತುಂಗಭದ್ರೆಯ ಹರಿಗೋಲಿನಲ್ಲಿ, ಓಡುವ ಬಸ್ಸಿನ ಮೆಟ್ಟಿಲ ಮೇಲೆ. ನಿಂತವರನ್ನು ಕಂಡು 'ಇಳಿ' ಅನ್ನುವ ಜನವೂ ಅಷ್ಟೇ ಹಳಬರಿರಬೇಕು.

ತಲೆ ನರೆತ ಹೆಂಗಸೊಬ್ಬಳು ತನ್ನ ಹಲಗೆಯನ್ನು ಮರಳಿನಲ್ಲಿಟ್ಟು ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ನಾನು ಹೋಗಿ ಹಲಗೆ ತೋರಿಸಿದೆ, ನನ್ನ ಎದೆ ಮುಟ್ಟಿಕೊಂಡೆ, ಎರಡು ಬೆರಳನ್ನು ಕಾಲು ಮಾಡಿ ಅಂಗೈ ಮೇಲೆ ನಿಲ್ಲಿಸಿದೆ. ಆಕೆ ನನ್ನ ಸೀರೆ ನೋಡಿದಳು. ನಾನು ನಾಟಿ ಹಚ್ಚುವ ಹೆಂಗಸರ ಹಾಗೆ ಎಳೆದು ಕಚ್ಚೆ ಹಾಕಿ, ಸೆರಗನ್ನು ನಡುವಿಗೆ ಬಿಗಿದೆ. ಆಕೆ ಬಿದ್ದು ಬಿದ್ದು ನಕ್ಕು ಎದ್ದಳು. ಯಜಮಾನರ ಕೈಗೆ ನನ್ನ ಚಪ್ಪಲಿ, ಬಳೆ, ಕೈಚೀಲ ಬಂದವು. ಅವರು ಪೇಟೆಯ ದಿಕ್ಕನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

ಸೊಂಟದ ಮಟ್ಟ ನೀರು. ಆಕೆ ಹಲಗೆ ಹಿಡಿದು, ನೊರೆ ಅಲೆ ಬಂದಾಗ ದಂಡೆಯ ಕಡೆ ದೂಡಿದಳು. ನಾನು ಅಭ್ಯಾಸಬಲದಿಂದ ಹಗ್ಗ ಹಿಡಿದವಳಂತೆ ಹಿಂದಕ್ಕೆ ಜಗ್ಗಿದೆ. ಹಗ್ಗವೆಲ್ಲಿದೆ? ಬೆನ್ನು ಅಡಿಯಾಗಿ ಬಿದ್ದೆ. ಮತ್ತೆ ಹತ್ತಿದೆ, ಬಲಕ್ಕೆ ಬಿದ್ದೆ. ಮತ್ತೆ ಹತ್ತಿದೆ. ಮೂಗು, ಕಿವಿ, ಗಂಟಲು ಎಲ್ಲ ಉಪ್ಪು. ಕಚ್ಚೆಯಲ್ಲಿ ಸೇರು ಮರಳು. ಕೊರಡು ಭಾರ ಕೇಳುತ್ತದೆ, ಈ ಹಲಗೆಗೆ ಭಾರವೆಂದರೆ ಆಗದು, ಎಂಥ ಜಂಬದ್ದು! ಆಕೆಯೂ ದಣಿದಳು, ಸಾಕಲ್ಲವೇ ಎಂಬಂತೆ ಕೈಯಾಡಿಸಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಈ ದಿನ ಹೋದರೆ ಇನ್ನು ಯಾವ ಗದ್ದೆ, ಯಾವ ಸಮುದ್ರ ನನ್ನನ್ನು ನಿಲ್ಲಿಸಿಕೊಳ್ಳುತ್ತದೆ? ಕೊಪ್ಪಳದ ಮನೆಯ ಅಡಿಗೆಕಟ್ಟೆಯ ಮುಂದೆ ನಿಂತದ್ದೇ ನಿಲುವು. ಅಳು ಬಂತು. ಅಲ್ಲಿ ಅತ್ತರೂ ಗೊತ್ತಾಗುವುದಿಲ್ಲ, ಎಲ್ಲ ಉಪ್ಪು ನೀರೇ.

ಆಗ ಹೊಳೆಯಿತು. ಇಷ್ಟು ಹೊತ್ತೂ ನಾನು ಕಾಲು ನೋಡುತ್ತಿದ್ದೆ!

ಮುಂದಿನ ಅಲೆಗೆ ತಲೆಯೆತ್ತಿದೆ. ಎತ್ತು ಎಲ್ಲಿಂದ ತರಲಿ? ಎದುರಿಗೆ ನೊರೆಯಂಚಿನಲ್ಲಿ ಪ್ಯಾಂಟು ಮಡಚಿಕೊಂಡು, ನನ್ನ ಚಪ್ಪಲಿ ಎದೆಗವಚಿಕೊಂಡು ನಮ್ಮವರು ನಿಂತಿದ್ದರು. ಅವರ ಕಿವಿ ಸ್ವಲ್ಪ ದೊಡ್ಡವು. ಹೆಣ್ಣು ನೋಡಲು ಬಂದ ದಿನವೇ ನಾನು ಗಮನಿಸಿದ್ದೆ. ಬಿಸಿಲು ಹಿಂದಿನಿಂದ ಬಿದ್ದು ಎರಡೂ ಕೆಂಪಗೆ ಹೊಳೆಯುತ್ತಿದ್ದವು. ಆ ಕಿವಿಗಳನ್ನೇ ದಿಟ್ಟಿಸಿ, ಮೊಣಕಾಲೂರಿದ್ದವಳು ಎದ್ದೆ, ನಿಂತೆ.

ನಿಂತೇ ಬಿಟ್ಟೆ! ಎಷ್ಟು ಹೊತ್ತು ಎಂದು ಕೇಳಬೇಡಿ. ಅವರ ಲೆಕ್ಕದಲ್ಲಿ ಕಣ್ಣು ಮಿಟುಕಿಸುವಷ್ಟು, ನನ್ನ ಲೆಕ್ಕದಲ್ಲಿ ಇಡೀ ಮಡಿ, ಈ ಬದುವಿನಿಂದ ಆ ಬದುವಿನವರೆಗೆ. ಗಂಟಲಿನಿಂದ ಅಪ್ಪ ಎತ್ತು ಹೊಡೆಯುವ "ಹೋಯ್ ಹೋಯ್" ತಾನೇ ಹೊರಬಿತ್ತು. ಎದುರಿನಿಂದ ಯಜಮಾನರು ಕೂಗುತ್ತಿದ್ದರು: "ಸಾಕು ಪಾರೂ, ಇಳಿ! ಹೊತ್ತಾತು, ಹಡಗ ಹೋಗತೈತಿ!"

"ಇಳ್ಯಾಂಗಿಲ್ಲ!" ಎಂದು ನಾನು ಆಸ್ಟ್ರೇಲಿಯಾಕ್ಕೆಲ್ಲ ಕೇಳುವಂತೆ ಕಿರುಚಿದೆ. ಇಳಿಯಲೂ ಇಲ್ಲ. ಅಲೆಯೇ ಕೊನೆಗೆ ಹಲಗೆಯ ಸಮೇತ ನನ್ನನ್ನು ತಂದು ಅವರ ಪಾದದ ಹತ್ತಿರ ಹಾಕಿತು.

ಟೇಪ್ ರೆಕಾರ್ಡರ್ ಬರಲಿಲ್ಲ. ಅಂಗಡಿ ಬೀದಿಯನ್ನು ನಾವು ಓಡುತ್ತಾ ದಾಟಿದೆವು, ಹಿಂದೆ ನನ್ನ ಸೀರೆಯಿಂದ ನೀರು ಸುರಿಯುತ್ತಿತ್ತು. ಹಡಗಿನ ಮೆಟ್ಟಿಲು ಹತ್ತುವಾಗ ಅವರು ಒಂದೇ ಮಾತು ಕೇಳಿದರು, "ಅಷ್ಟೊತ್ತು ನನ್ನ ಮಾರಿ ಯಾಕ ನೋಡಾಕತ್ತಿದ್ದಿ?" ಪ್ರೀತಿಯಿಂದ ಎಂದು ಹೇಳಿದೆ. ನಂಬಿದರು.

ಮುಂಗಾರಿಗೆ ಕಾಲುವೆ ನೀರು ಬಿಟ್ಟ ಹೊತ್ತಿಗೆ ತವರಿಗೆ ಬಂದಿದ್ದೆವು. ಅಪ್ಪ ಮಡಿಯಲ್ಲಿ ಕೊರಡು ಹೊಡೆಯುತ್ತಿದ್ದ. ಬದುವಿನ ಮೇಲೆ ಕೂತು ಸಮುದ್ರದ ಕಥೆಯನ್ನೆಲ್ಲ ಹೇಳಿದೆ. ಅಪ್ಪ ಎತ್ತು ನಿಲ್ಲಿಸಿ ಕೇಳಿದ. ಸಮುದ್ರ ಎಷ್ಟು ದೊಡ್ಡದು, ಊರು ಹೇಗಿತ್ತು, ಏನೂ ಕೇಳಲಿಲ್ಲ.

"ಅಲ್ಲಿ ಎತ್ತಿನ ಕಿವಿ ಎಲ್ಲಿದ್ವು?" ಅಂದ.

ನಾನು ಅವನ ಅಳಿಯನ ಕಡೆ ಕಣ್ಣು ಹೊರಳಿಸಿದೆ. ಅಪ್ಪ ನೋಡಿದ. ಮುಖ ಆ ಕಡೆ ಮಾಡಿದ, ಹೆಗಲು ಮಾತ್ರ ಕುಣಿಯುತ್ತಿತ್ತು. ಯಜಮಾನರು ಏನೆಂದು ತಿಳಿಯದೆ ಕಿವಿ ಒರೆಸಿಕೊಂಡರು.

ನಗು ನಿಂತ ಮೇಲೆ ಅಪ್ಪ ಕೊರಡಿನ ಮೇಲಿನ ರಾಡಿಯನ್ನು ಕೈಯಿಂದ ಬಳಿದು ಹಾಕಿದ. ಬದುವಿನ ಮೇಲೆ ಅಂದಿನ ಹಾಗೆಯೇ ಯಾರೋ ಹೋಗುತ್ತಿದ್ದರು. ಅಪ್ಪ ಅವರನ್ನೂ ನೋಡಿದ, ನನ್ನನ್ನೂ ನೋಡಿದ.

"ಹತ್ತತಿಯೇನವ್ವಾ?" ಅಂದ.

ಕಚ್ಚೆ ಬಿಗಿದು ಹತ್ತಿದೆ. ಆ ದಿನ ಯಾರೂ ಇಳಿ ಅನ್ನಲಿಲ್ಲ. ಹಸಿವಾದಾಗ ನಾನೇ ಇಳಿದೆ.