ಕಲ್ಲಿನ ಏಡಿಗೆ ಕೂರಿಸಿದ ಕಾಲು

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಒಂದು ಕೊಬ್ಬರಿ ಮಂಡಿಯ ಮಹಡಿಯ ಮೇಲೆ ಜಿತೇಂದ್ರನ ಹಲ್ಲಿನ ಲ್ಯಾಬು ಇದೆ. ಅವನು ಡಾಕ್ಟರಲ್ಲ. ಡಾಕ್ಟರುಗಳು ರೋಗಿಯ ಬಾಯಿಂದ ತೆಗೆದು ಕಳಿಸುವ ಅಚ್ಚು ನೋಡಿ ಹಲ್ಲು ಮಾಡಿಕೊಡುವವನು. ಹಾಸನದಿಂದ, ಹೊಳೆನರಸೀಪುರದಿಂದ, ಅರಕಲಗೂಡಿನಿಂದ ಅಚ್ಚುಗಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಂಡಕ್ಟರುಗಳ ಕೈಯಲ್ಲಿ ಬರುತ್ತವೆ. ನಾಲ್ಕೈದು ದಿನ ಕಳೆದರೆ ಹಲ್ಲುಗಳಾಗಿ ಅದೇ ಬಸ್ಸಿನಲ್ಲಿ ವಾಪಸು ಹೋಗುತ್ತವೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಯಾರ ಬಾಯಲ್ಲಿ ತನ್ನ ಹಲ್ಲಿದೆ ಅನ್ನುವುದು ಅವನಿಗೆ ಗೊತ್ತಿರುವುದಿಲ್ಲ. ಸ್ವಂತ ಹಲ್ಲು ಯಾವುದು, ಕಟ್ಟಿಸಿದ್ದು ಯಾವುದು ಎಂದು ಗೊತ್ತಾಗದ ಹಾಗೆ ಮಾಡುತ್ತಾನೆ ಅನ್ನುವುದೊಂದೇ ಅವನಿಗಿದ್ದ ಹೆಸರು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಹುಟ್ಟಿದ್ದು ಜಿನನಾಥಪುರದಲ್ಲಿ. ಅಪ್ಪ ಬೆಳಗೊಳದಲ್ಲಿ ಯಾತ್ರಿಕರಿಗೆ ತಿಂಡಿ ಸಾಮಾನು ಮಾರುತ್ತಿದ್ದರು, ಈಗಿಲ್ಲ. ತಾಯಿ ಅನಂತಮ್ಮ, ಹೆಂಡತಿ ಶ್ರದ್ಧಾ, ಇವನು, ಮೂವರೂ ಲ್ಯಾಬಿನಿಂದ ಎರಡು ರಸ್ತೆ ಆಚೆ ಬಾಡಿಗೆ ಮನೆಯಲ್ಲಿದ್ದಾರೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ. ಹಾಗಾಗಿ ಜಿತೇಂದ್ರ ಐದು ಗಂಟೆಗೆಲ್ಲ ಬಾಗಿಲು ಹಾಕಿ ಮನೆಗೆ ಹೋಗುತ್ತಿದ್ದ. ಸಿನಿಮಾ, ಕ್ರಿಕೆಟ್ಟು ಯಾವುದರ ಹುಚ್ಚೂ ಇರಲಿಲ್ಲ.

ಕಲ್ಲಿನ ಹುಚ್ಚು ಹತ್ತಿಸಿದ್ದು ಕಮಲಾಕ್ಷಮ್ಮ. ಅರಕಲಗೂಡಿನ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಹೇಳಿಕೊಟ್ಟು ರಿಟೈರಾದವರು. ಒಂಬತ್ತು ವರ್ಷದ ಹಿಂದೆ ಬಿದ್ದು ಮುಂದಿನ ಮೂರು ಹಲ್ಲು ಮುರಿದುಕೊಂಡಿದ್ದರು. ಕಟ್ಟಿಸಿಕೊಂಡ ಹಲ್ಲಿನ ಬಣ್ಣ ಹೊಂದಲಿಲ್ಲವೆಂದು ಡಾಕ್ಟರು ಅವರನ್ನೇ ನೇರ ಲ್ಯಾಬಿಗೆ ಕಳಿಸಿದರು. ಜಿತೇಂದ್ರ ಅವರನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ ಬಣ್ಣ ನೋಡುತ್ತಿದ್ದರೆ ಅವರ ಕಣ್ಣು ಮೇಜಿನ ಮೇಲಿದ್ದ ಕೊರೆಯುವ ಯಂತ್ರದ ಮೇಲಿತ್ತು. ಪೆನ್ನಿನ ಗಾತ್ರದ ಹಿಡಿ, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ವಜ್ರದ ಮೊನೆ. ಇದು ಕಲ್ಲನ್ನೂ ಕೊರೆಯುತ್ತದಾ ಎಂದು ಕೇಳಿದರು. ಮುಂದಿನ ವಾರ ಹೊಸ ಹಲ್ಲು ಹಾಕಿಸಿಕೊಂಡು ಬಂದಾಗ ಬ್ಯಾಗಿನಿಂದ ಒಂದು ಹಳದಿ ಕಲ್ಲಿನ ಉಂಡೆ ತೆಗೆದಿಟ್ಟರು. ಅಂಚಿನಲ್ಲಿ ಶಂಖದ ಸುರುಳಿ ಒಂದಿಷ್ಟೇ ಕಾಣುತ್ತಿತ್ತು. ಉಳಿದದ್ದು ಕಲ್ಲೊಳಗೆ.

ಎರಡು ವಾರ ಸಂಜೆ ಊಟ ಮುಗಿಸಿ ಮತ್ತೆ ಲ್ಯಾಬಿಗೆ ಬಂದು ಸ್ವಲ್ಪ ಸ್ವಲ್ಪವೇ ಕೊರೆದು, ಸೂಜಿಯಿಂದ ಕೆದಕಿ, ಗಾಳಿ ಊದಿ ಜಿತೇಂದ್ರ ಆ ಶಂಖವನ್ನು ಬಿಡಿಸಿದ. ಕೋಟ್ಯಂತರ ವರ್ಷ ಯಾರೂ ನೋಡದ್ದನ್ನು ತಾನು ಮೊದಲು ನೋಡುತ್ತಿದ್ದೇನೆ ಎಂದು ಅವತ್ತು ಅವನಿಗೆ ಅನ್ನಿಸಿತಂತೆ.

ನಮ್ಮ ಜಿಲ್ಲೆಯಲ್ಲಿ ಇಂಥದ್ದು ಸಿಗುವುದಿಲ್ಲ ಎಂದು ಹೇಳಿಕೊಟ್ಟವರೂ ಅವರೇ. ಹೊಳೆನರಸೀಪುರದ ಸುತ್ತಲಿನ ಬಂಡೆಗಳು ಬಹಳ ಹಳೆಯವು, ಅವು ಹುಟ್ಟಿದಾಗ ಚಿಪ್ಪಿರುವ ಪ್ರಾಣಿಯೇ ಭೂಮಿಯ ಮೇಲಿರಲಿಲ್ಲ. ಅದಕ್ಕೇ ಅವರು ತಮಿಳುನಾಡಿನ ಅರಿಯಲೂರಿನ ಕಡೆಗೆ ಹೋಗುತ್ತಿದ್ದರು. ಒಂದು ಕಾಲಕ್ಕೆ ಸಮುದ್ರವಾಗಿದ್ದ ಸುಣ್ಣಕಲ್ಲಿನ ಸೀಮೆ ಅದು. ಮಳೆ ಹೋದ ಮೇಲೆ ಹೊಲದ ಬದುಗಳಲ್ಲಿ ಉಂಡೆಗಲ್ಲುಗಳು ಮೇಲೆದ್ದಿರುತ್ತವೆ. ಹೊಲದವರನ್ನು ಕೇಳಿಕೊಂಡು ಆರಿಸುವುದು. ಜಿತೇಂದ್ರ, ಶ್ರದ್ಧಾ ಇಬ್ಬರೂ ವರ್ಷಕ್ಕೊಂದು ಸಲ ಅವರ ಜೊತೆ ಹೋಗತೊಡಗಿದರು. ಆರಿಸುವುದರಲ್ಲಿ ಮೇಡಮ್ಮಿನ ಕಣ್ಣು, ಬಿಡಿಸುವುದರಲ್ಲಿ ಇವನ ಕೈ. ಅವರು ಇವನನ್ನು ಹಳೆಯ ವಿದ್ಯಾರ್ಥಿಯ ಹಾಗೆ ನೀನು ಅನ್ನುತ್ತಿದ್ದರು. ಹತ್ತೊಂಬತ್ತು ಒಳ್ಳೆಯ ತುಣುಕುಗಳಾದವು.

ಹತ್ತೊಂಬತ್ತನೆಯದೇ ಏಡಿ. ಹೋದ ವರ್ಷ ಜನವರಿಯಲ್ಲಿ ಮೇಡಮ್ಮಿಗೆ ಸಿಕ್ಕಿದ್ದು. ಮುಷ್ಟಿ ಗಾತ್ರದ ಉಂಡೆ, ಮೇಲೆ ಒಂದು ಗೆರೆ ಮಾತ್ರ. ಜಿತೇಂದ್ರ ನಾಲ್ಕು ತಿಂಗಳು ಅದರ ಮೇಲೆ ಕೂತ. ಮೊದಲು ಬೆನ್ನಿನ ಚಿಪ್ಪು ಬಂತು, ಆಮೇಲೆ ಬಲಗಡೆಯ ಇಕ್ಕಳಗಾಲು, ಹಲ್ಲುಹಲ್ಲಾಗಿ ಪೂರ್ತಿ. ಎಡಗಡೆಯದೂ ಒಳಗಿದೆ ಎಂದು ಗೊತ್ತಾದಾಗ ಮೇಡಂ ಅರಕಲಗೂಡಿನಿಂದ ಬಸ್ಸು ಹತ್ತಿ ಬಂದು ಭೂತಗನ್ನಡಿಯಲ್ಲಿ ನೋಡಿ ಹೋದರು. ಹಾಸನದ ಒಂದು ಕಾಲೇಜಿನವರು ಪಳೆಯುಳಿಕೆಗಳ ಪ್ರದರ್ಶನ ಇಟ್ಟುಕೊಂಡಿದ್ದರು. ಇವರಿಬ್ಬರ ಹತ್ತೊಂಬತ್ತಕ್ಕೂ ಒಂದು ಮೇಜು ಕೊಟ್ಟಿದ್ದರು.

ತಪ್ಪಾದದ್ದು ಪ್ರದರ್ಶನಕ್ಕೆ ಹತ್ತು ದಿನ ಇರುವಾಗ, ಒಂದು ಭಾನುವಾರ ಮಧ್ಯಾಹ್ನ. ಮೆತ್ತನೆಯ ಕಲ್ಲು ಬಿಡಿಸುವಾಗ ಒಂದು ಪದ್ಧತಿಯಿದೆ. ಕಂಡಷ್ಟು ಭಾಗಕ್ಕೆ ತೆಳ್ಳನೆಯ ಅಂಟು ಕುಡಿಸಬೇಕು, ಅದು ಒಂದು ದಿನ ಒಣಗಬೇಕು, ಆಮೇಲೆ ಮುಂದಿನ ಪದರ. ಜಿತೇಂದ್ರ ಅವತ್ತು ಕಾಯಲಿಲ್ಲ. ಇನ್ನೊಂದು ಅರ್ಧ ಇಂಚು ಅಂದುಕೊಂಡು ಮೊನೆ ಒತ್ತಿದ. ಎಡಗಾಲು ಬಿರುಕು ಬಿಡಲಿಲ್ಲ, ಹಾಗೇ ಪುಡಿಯಾಯಿತು. ಒಣಗಿದ ಸುಣ್ಣದ ಹಾಗೆ. ಅವನು ಯಂತ್ರ ನಿಲ್ಲಿಸಿ ತುಂಬ ಹೊತ್ತು ಆ ಪುಡಿಯನ್ನೇ ನೋಡುತ್ತ ಕೂತ. ಆಮೇಲೆ ಮೇಜು ಒರೆಸಿದ.

ಫೋನು ಪಕ್ಕದಲ್ಲೇ ಇತ್ತು. ಹೇಳಿದ್ದರೆ ಮೇಡಂ ಬೈಯುತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಆದರೆ ಈ ಇಪ್ಪತ್ತೆರಡು ವರ್ಷದಲ್ಲಿ ಕೈ ತಪ್ಪಿತು ಎಂದು ಅವನು ಯಾರಿಗೂ ಹೇಳಿದವನಲ್ಲ. ಎಡಗಡೆ ಮುರಿದ ಹಲ್ಲನ್ನು ಬಲಗಡೆಯದು ನೋಡಿಕೊಂಡು ಮಾಡುವುದು ಅವನ ದಿನನಿತ್ಯದ ಕೆಲಸ. ಬಲಗಾಲು ಕಣ್ಣೆದುರೇ ಇತ್ತು. ಹಲ್ಲಿಗೆ ಬಳಸುವ ಸೆರಾಮಿಕ್ ಪುಡಿ ಕಲಸಿ, ಕುಲುಮೆಯಲ್ಲಿಟ್ಟು, ಬಣ್ಣ ಹಚ್ಚಿ ಮತ್ತೆ ಸುಟ್ಟು, ನಾಲ್ಕು ದಿನಕ್ಕೆ ಎಡಗಾಲು ತಯಾರಾಯಿತು. ಅಂಟಿಸಿ, ಸಂದಿಗೆ ಅದೇ ಕಲ್ಲಿನ ಪುಡಿ ತುಂಬಿದ. ಗುರುತು ಹತ್ತಲಿಲ್ಲ. ಒಳ್ಳೆಯ ಕೆಲಸ ಮಾಡಿದ ಸಂತೋಷವೇ ಆಯಿತು ಅವನಿಗೆ. ಮುಂದೆ ಅವನನ್ನು ಹೆಚ್ಚು ಸುಟ್ಟದ್ದು ಆ ಸಂತೋಷದ ನೆನಪೇ.

ಏಡಿಯನ್ನು ಕಮಲಾಕ್ಷಮ್ಮನ ಕೈಗೆ ಕೊಟ್ಟ. ಅಂಗೈ ಮೇಲಿಟ್ಟುಕೊಂಡು ಕಣ್ಣೊರೆಸಿಕೊಂಡರು. ತಾವೇ ಕೂತು ಚೀಟಿ ಬರೆದರು: ದೊರಕಿದ್ದು ಕಮಲಾಕ್ಷಮ್ಮನವರಿಗೆ, ಬಿಡಿಸಿದವರು ಜಿತೇಂದ್ರ.

ಪ್ರದರ್ಶನಕ್ಕೆ ಬೆಂಗಳೂರಿನಿಂದ ಭಾನುಪ್ರಿಯಾ ಎಂಬ ವಿಜ್ಞಾನಿ ಬಂದಿದ್ದರು. ನಲವತ್ತರ ಒಳಗಿನವರು, ಮೆಲುಮಾತು. ಏಡಿಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಜೇಬಿನಿಂದ ಒಂದು ಪುಟ್ಟ ಟಾರ್ಚ್ ತೆಗೆದು, ಕಿಟಕಿಯ ಪರದೆ ಎಳೆಸಿ, ನೇರಳೆ ಬೆಳಕು ಬಿಟ್ಟರು. ಕಲ್ಲು ಮಂಕಾಗಿ ಕಂಡಿತು. ಎಡಗಾಲೊಂದು ಮಾತ್ರ ಬೆಳ್ಳಗೆ ಹೊಳೆಯಿತು. ಬಾಯಿಯಲ್ಲಿ ನಿಜವಾದ ಹಲ್ಲಿನಂತೆ ಕಾಣಲೆಂದು ಆ ಸೆರಾಮಿಕ್ಕಿಗೆ ಅಂಥ ಹೊಳಪು ಸೇರಿಸಿರುತ್ತಾರೆ ಎಂಬುದು ಅಲ್ಲಿದ್ದವರಲ್ಲಿ ತನಗೊಬ್ಬನಿಗೇ ಗೊತ್ತು ಅಂದುಕೊಂಡ ಜಿತೇಂದ್ರ.

ಸುತ್ತ ಹತ್ತು ಹನ್ನೆರಡು ಜನ ಇದ್ದರು. ಕಾಲೇಜಿನ ವಿಭಾಗದ ಮುಖ್ಯಸ್ಥರು, ಲೆಕ್ಚರರುಗಳು, ಮೇಡಮ್ಮಿನ ಇಬ್ಬರು ಹಳೆಯ ವಿದ್ಯಾರ್ಥಿಗಳು. ಈ ಕಾಲನ್ನು ಆಮೇಲೆ ಕೂರಿಸಿದ್ದು ಅನ್ನಿಸುತ್ತದೆ, ಯಾರು ಮಾಡಿದ್ದು ಎಂದು ಭಾನುಪ್ರಿಯಾ ಕೇಳಿದರು. ಕಮಲಾಕ್ಷಮ್ಮ ತಕ್ಷಣ, ಇವನು ಅಂಥ ಕೆಲಸ ಮಾಡುವವನಲ್ಲ ಎಂದು ಜಿತೇಂದ್ರನ ಕಡೆ ತಿರುಗಿದರು. ಎಲ್ಲರೂ ತಿರುಗಿದರು.

“ನನ್ ಕೈಗೆ ಬಂದಾಗ್ಲೇ ಹಂಗಿತ್ತು ಮೇಡಂ,” ಅಂದ ಜಿತೇಂದ್ರ.

ಯೋಚಿಸಿ ಆಡಿದ ಮಾತಲ್ಲ. ಬಾಯಿಂದ ಬಂದುಬಿಟ್ಟಿತು. ಆದರೆ ಬಂದ ಮೇಲೆ ಅದರ ಅರ್ಥ ಎಲ್ಲರಿಗೂ ಆಯಿತು. ಇವನ ಕೈಗೆ ಹಾಗೇ ಬಂದಿದ್ದರೆ ಕೊಟ್ಟವರೇ ಮಾಡಿಸಿರಬೇಕು, ಇಲ್ಲವೆ ಯಾರಿಂದಲೋ ಕೊಂಡು ತಂದು ತಮಗೆ ಸಿಕ್ಕಿದ್ದು ಎಂದಿರಬೇಕು. ಕಮಲಾಕ್ಷಮ್ಮ ಅವನನ್ನೇ ನೋಡಿದರು. ಅವನು ಮೇಜಿನ ಬಟ್ಟೆ ನೋಡಿದ. ಮುಖ್ಯಸ್ಥರು ಸಂಕೋಚದಿಂದಲೇ, ಸದ್ಯಕ್ಕೆ ಮೇಜಿನ ಎಲ್ಲ ತುಣುಕುಗಳನ್ನೂ ತೆಗೆದಿಟ್ಟರೆ ಒಳ್ಳೆಯದು ಅಂದರು. ಒಂದು ಸುಳ್ಳೆಂದ ಮೇಲೆ ಹದಿನೆಂಟನ್ನು ನಂಬುವುದು ಹೇಗೆ? ಹಳೆಯ ವಿದ್ಯಾರ್ಥಿಗಳಿಬ್ಬರೂ ಬೇರೆ ಮೇಜಿನ ಕಡೆ ಸರಿದರು.

ಮೇಡಂ ಒಂದೊಂದನ್ನೇ ಹತ್ತಿಯಲ್ಲಿ ಸುತ್ತಿ ಬ್ಯಾಗಿಗೆ ತುಂಬಿದರು. ಜಿತೇಂದ್ರ ಬ್ಯಾಗು ಎತ್ತಲು ಬಗ್ಗಿದ.

“ನೀವು ಹೊರಡಿ,” ಅಂದರು. “ನಾನು ತಗೊಂಡು ಹೋಗ್ತೀನಿ.”

ಅಷ್ಟು ವರ್ಷ ನೀನು ಅಂದವರ ಬಾಯಲ್ಲಿ ಬಂದ ಆ ನೀವು ಅವನನ್ನು ಚನ್ನರಾಯಪಟ್ಟಣದವರೆಗೂ ಹಿಂಬಾಲಿಸಿತು.

ಮೂರು ವಾರ ಸುಮ್ಮನಿದ್ದ. ಅರಕಲಗೂಡಿನ ಡಬ್ಬಿ ಬಂದರೆ ಬಿಚ್ಚಲು ಆಗುತ್ತಿರಲಿಲ್ಲ. ಎರಡು ಸೆಟ್ಟು ಹಲ್ಲು ಸರಿಯಾಗದೆ ಡಾಕ್ಟರುಗಳಿಂದ ವಾಪಸು ಬಂದವು, ಹಿಂದೆಂದೂ ಹೀಗಾಗಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮೇಡಮ್ಮಿನ ಹಾಗೆ ಬಿಳಿ ಸೀರೆ ಉಟ್ಟ ವಯಸ್ಸಾದ ಹೆಂಗಸು ಯಾರೇ ಕಂಡರೂ ಅಂಗಡಿಯ ಮರೆಗೆ ಸರಿಯುತ್ತಿದ್ದ. ಮೇಡಮ್ಮಿನ ಫೋನು ಬರಲಿಲ್ಲ. ಬಂದಿದ್ದರೆ ಎತ್ತುತ್ತಿದ್ದನೋ ಇಲ್ಲವೋ.

ಕೊನೆಗೆ ಒಂದು ಬೆಳಿಗ್ಗೆ ಶ್ರದ್ಧಾಳಿಗೆ ಎಲ್ಲವನ್ನೂ ಹೇಳಿದ. ಅವಳು ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು. ಮುರಿದದ್ದು ಕೇಳಿದಳು, ಮಾಡಿದ್ದು ಕೇಳಿದಳು. ಆಡಿದ ಮಾತಿಗೆ ಬಂದಾಗ ಅವಳ ಕೈ ನಿಂತಿತು.

“ಅವ್ರ ಮನೇಲಿ ಎಷ್ಟು ಸಲ ಉಂಡಿದೀವಿ ನಾವು,” ಅಂದಳು. ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಅವನು ಎದ್ದು ಅಂಗಿ ಹಾಕಿಕೊಂಡ.

ಅರಕಲಗೂಡಿನ ಮನೆಯಲ್ಲಿ ಕಮಲಾಕ್ಷಮ್ಮ ಒಳಗೆ ಕರೆದು ಕೂರಿಸಿ ನೀರು ಕೊಟ್ಟರು. ಗೂಡಿನಲ್ಲಿ ಸಾಲಾಗಿದ್ದ ಕಲ್ಲುಗಳಿರಲಿಲ್ಲ. ಬ್ಯಾಗು ಮಂಚದ ಕೆಳಗೆ, ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಅವನು ಭಾನುವಾರದಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಎಲ್ಲೂ ತನ್ನ ಪರ ಮಾತಾಡಬಾರದು ಎಂದುಕೊಂಡಿದ್ದರೂ, ಗಡಿಬಿಡಿಯಿತ್ತು ಎಂದು ಒಂದು ಸಲ ಅಂದುಬಿಟ್ಟ.

“ನೀವು ಹಾಗಂದ್ಮೇಲೆ ಇನ್ನೊಂದ್ಸಲ ನೋಡ್ದೆ, ನಂಗೆ ಅಲ್ಲೇ ಗೊತ್ತಾಯ್ತು,” ಅಂದರು ಅವರು. “ಆ ಬೆಳ್ಳನೆ ಹೊಳಪು ಒಂಬತ್ತು ವರ್ಷದಿಂದ ನನ್ನ ಬಾಯಲ್ಲೇ ಇದೆ. ದಿನಾ ಕನ್ನಡೀಲಿ ನೋಡ್ತೀನಿ.”

ಹಾಗಾದರೆ ಅಲ್ಲೇ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ.

“ನೀವೇ ಹೇಳ್ತೀರ ಅಂತ ಕಾದೆ. ಬ್ಯಾಗ್ ತುಂಬೋವರೆಗೂ ಕಾದೆ.” ಸ್ವಲ್ಪ ತಡೆದು ಅಂದರು: “ಏಡಿ ಮುರಿದಿದ್ದಕ್ಕೆ ನಂಗೆ ಬೇಜಾರಿಲ್ಲ. ಕಂಡಿದ್ದನ್ನ ಕಂಡಂಗೇ ಬರೀರಿ ಅಂತ ಮಕ್ಕಳಿಗೆ ಹೇಳ್ಕೊಂಡು ಬಂದೋಳು ನಾನು. ಆ ಮಕ್ಕಳಲ್ಲಿ ಇಬ್ಬರು ಅಲ್ಲಿದ್ರು.”

ಕಾಲೇಜಿಗೆ ಹೋಗಿ ಹೇಳಲೇ ಎಂದು ಕೇಳಿದ.

“ಅದನ್ನ ನನ್ನ ಕೇಳ್ಬೇಡಿ,” ಅಂದರು ಕಮಲಾಕ್ಷಮ್ಮ.

ಮಾರನೆಯ ದಿನ ಹಾಸನಕ್ಕೆ ಹೋದ. ಮುಖ್ಯಸ್ಥರು ತಮ್ಮ ಕೋಣೆಗೆ ಕರೆದರು. ಬಾಗಿಲು ಹಾಕಿಕೊಂಡು ಹೇಳಿ ಮುಗಿಸಬಹುದಿತ್ತು. ಸುಳ್ಳು ಹೇಳಿದ್ದು ಎಲ್ಲರ ಮುಂದೆ, ಅವರನ್ನೂ ಕರೆಸಿ ಎಂದು ಇವನೇ ಬೇಡಿಕೊಂಡ. ನಾಲ್ವರು ಲೆಕ್ಚರರುಗಳು ಬಂದು ನಿಂತರು. ನಿಂತಲ್ಲೇ ಹೇಳಿದ. ಅವರಲ್ಲೊಬ್ಬರು, ಇಷ್ಟು ಒಳ್ಳೆ ಕೈ ಇಟ್ಟುಕೊಂಡು ಎಂದು ಅರ್ಧಕ್ಕೇ ನಿಲ್ಲಿಸಿದರು. ಆ ಹೊಗಳಿಕೆಯ ಅರ್ಧ ಅವನಿಗೆ ಬೈಗುಳಕ್ಕಿಂತ ಜಾಸ್ತಿ ನಾಟಿತು. ಹಳೆಯ ವಿದ್ಯಾರ್ಥಿಗಳ ವಿಳಾಸ ಕೇಳಿ ಪಡೆದು ಇಬ್ಬರಿಗೂ ಕಾಗದ ಬರೆದ. ಒಬ್ಬರಿಂದ ಉತ್ತರ ಬಂತು, ಇನ್ನೊಬ್ಬರಿಂದ ಬರಲಿಲ್ಲ.

ಹದಿನೆಂಟು ತುಣುಕುಗಳನ್ನೂ ಏಡಿಯನ್ನೂ ಮೇಡಮ್ಮಿನಿಂದ ಪಡೆದು ಬೆಂಗಳೂರಿಗೆ ಭಾನುಪ್ರಿಯಾರ ಹತ್ತಿರ ಕೊಂಡೊಯ್ದವನೂ ಅವನೇ. ಎರಡು ದಿನ ಒಂದೊಂದನ್ನೂ ಪರೀಕ್ಷೆ ಮಾಡಿದರು. ಹದಿನೆಂಟೂ ಸಾಚಾ ಎಂದು ಮೇಡಮ್ಮಿನ ಹೆಸರಿಗೆ ಕಾಗದ ಬರೆದುಕೊಟ್ಟರು. ಹೋದ ಭಾಗ ತುಂಬುವುದು ತಪ್ಪಲ್ಲ, ಮ್ಯೂಸಿಯಮ್ಮುಗಳಲ್ಲೂ ಪ್ಲಾಸ್ಟರಿನಲ್ಲಿ ತುಂಬುತ್ತಾರೆ, ಆದರೆ ಬಣ್ಣ ಬೇರೆ ಮಾಡಿ, ತುಂಬಿದ್ದೆಂದು ಬರೆದಿಡುತ್ತಾರೆ ಎಂದು ತಿಳಿಸಿದರು. ಆಮೇಲೆ ಎಡಗಾಲನ್ನು ಅವನ ಕೈಯಿಂದಲೇ ತೆಗೆಸಿದರು. ಅಂಟು ಕರಗುವ ದ್ರಾವಣದಲ್ಲಿ ನೆನೆಸಿಟ್ಟಾಗ ಅದು ಸಲೀಸಾಗಿ ಕಳಚಿ ಬಂತು. ಪುಡಿಯಾದ ನಿಜವಾದ ಕಾಲು ಹೇಗಿತ್ತು ಎಂದು ಅವರು ಕೇಳಿದರು. ನೆನಪಿದ್ದಷ್ಟು ಚಿತ್ರ ಬರೆದುಕೊಟ್ಟ. ಹೆಚ್ಚೇನೂ ನೆನಪಿರಲಿಲ್ಲ.

ಕಮಲಾಕ್ಷಮ್ಮ ಹತ್ತೊಂಬತ್ತನ್ನೂ ಕಾಲೇಜಿಗೆ ಕೊಟ್ಟುಬಿಟ್ಟರು. ಈ ವರ್ಷ ಜನವರಿಯಲ್ಲಿ ಕಾಲೇಜಿನವರ ಜೊತೆ ಅರಿಯಲೂರಿಗೆ ಹೋಗಿ ಬಂದರಂತೆ. ಜಿತೇಂದ್ರನಿಗೆ ಅದು ಗೊತ್ತಾದದ್ದು ಅರಕಲಗೂಡಿನ ಹಲ್ಲಿನ ಡಾಕ್ಟರಿಂದ. ಕಾಲೇಜಿನವರು ಆಗೊಮ್ಮೆ ಈಗೊಮ್ಮೆ ಒಂದು ಕಲ್ಲನ್ನು ಬಿಡಿಸಲು ಅವನಿಗೆ ಕಳಿಸುತ್ತಾರೆ. ಪ್ರತಿಯೊಂದಕ್ಕೂ ಒಂದು ಹಾಳೆ ಇಟ್ಟು, ಎಲ್ಲಿ ಮೊನೆ ಜಾರಿತು, ಎಷ್ಟು ಚೂರು ಹೋಯಿತು ಎಂದು ಬರೆದು ಕಲ್ಲಿನ ಜೊತೆಗೇ ಕಳಿಸುತ್ತಾನೆ. ಮೇಡಮ್ಮಿಗೆ ಯುಗಾದಿಯ ದಿನ ಫೋನು ಮಾಡಿದ್ದ. ಚೆನ್ನಾಗಿದ್ದೀರಾ ಎಂದು ಕೇಳಿದರು, ಶ್ರದ್ಧಾಳನ್ನು ಕೇಳಿದರು. ಕಲ್ಲಿನ ಮಾತು ಬರಲಿಲ್ಲ.

ಹೋದ ತಿಂಗಳು ತಾಯಿಯ ಕಣ್ಣು ತೋರಿಸಲು ಹಾಸನಕ್ಕೆ ಕರೆದುಕೊಂಡು ಹೋಗಿದ್ದ. ಕಾಲೇಜಿನಲ್ಲಿ ಮಗನ ಹೆಸರಿದೆಯೆಂದು ಅನಂತಮ್ಮನಿಗೆ ಯಾರೋ ಹೇಳಿದ್ದರು. ನೋಡದೆ ಬಸ್ಸು ಹತ್ತುವುದಿಲ್ಲವೆಂದು ಹಟ ಹಿಡಿದರು. ಗಾಜಿನ ಬೀರುವಿನ ಮುಂದೆ ನಿಲ್ಲಿಸಿದ. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಅವರಿಗೆ ಮಬ್ಬು ಮಬ್ಬು.

“ಇದೇ ಏನಪ್ಪಾ ನೀನ್ ಮಾಡಿದ್ದು? ಏನು ಬರ್ದವ್ರೆ, ಓದು,” ಅಂದರು.

ಪಕ್ಕದಲ್ಲಿ ಕಾಲೇಜಿನ ಹುಡುಗಿಯರು ಇಬ್ಬರು ನಿಂತಿದ್ದರು. ಹೆಸರಿರುವ ಸಾಲೊಂದನ್ನು ಓದಿ ಮುಂದಕ್ಕೆ ಕರೆದೊಯ್ಯಬಹುದಿತ್ತು. ಜಿತೇಂದ್ರ ಗಾಜಿನ ಹತ್ತಿರ ಬಗ್ಗಿ ಮೊದಲಿನಿಂದ ಓದಿದ. ಏಡಿ. ದೊರಕಿದ್ದು ಕಮಲಾಕ್ಷಮ್ಮನವರಿಗೆ. ಬಿಡಿಸಿದವರು ಜಿತೇಂದ್ರ. ಎಡಗಾಲು ಬಿಡಿಸುವಾಗ ಬಿಡಿಸಿದವರ ಕೈಯಿಂದ ನಾಶವಾಗಿದೆ. ಅದರ ಜಾಗದಲ್ಲಿ ಅವರು ಕೂರಿಸಿದ್ದ ಕೃತಕ ಕಾಲನ್ನು ತೆಗೆಯಲಾಗಿದೆ.

ಅನಂತಮ್ಮ ಅವನ ಮೊಣಕೈ ಹಿಡಿದುಕೊಂಡು, ಮೆಟ್ಟಿಲು ಎಲ್ಲಿದೆ ತೋರಿಸು ಅಂದರು.